ನೊರೆಯ ವಾಸನೆ

ಹಸಿರಂಕಿ ಸೊನ್ನೆ ದಶಾಂಶ ಎರಡು. ನಿನ್ನೆಯೂ ಅಷ್ಟೇ, ಮೊನ್ನೆಯೂ ಅಷ್ಟೇ. ಪರದೆಯ ಮೇಲೆ ಧೂಳು ಕೂತು ಅಂಕಿ ತಪ್ಪಾಗಿ ಕಾಣುತ್ತಿರಬಹುದೇನೋ ಎಂದು ವಾರಿಜ ಅದನ್ನು ಅಂಗಿಯ ತೋಳಿನಿಂದ ಒರೆಸಿದಳು. ಒರೆಸಿದ ಮೇಲೆ ಅದೇ ಸೊನ್ನೆ ದಶಾಂಶ ಎರಡು ಇನ್ನೂ ಸ್ಪಷ್ಟವಾಗಿ ಕಂಡಿತು.

“ಗೊಳವೆ ತೆರೆದು ಹನ್ನೆರಡು ದಿನ ಆಯಿತು,” ಎಂದಳು ಪಕ್ಕದ ಕುರ್ಚಿಯಲ್ಲಿದ್ದ ಮಾರಿತ್. ಅವಳು ಈ ಉತ್ತರದ ಸೀಮೆಯವಳೇ, ಕಡಲ ಅಳತೆಯ ಕೇಂದ್ರದ ಮುಖ್ಯಸ್ಥೆ. ಬೇರೆಯವರಿಗೆ ಕೆಟ್ಟ ಸುದ್ದಿ ಹೇಳುವಾಗ ತನ್ನ ಉಗುರು ನೋಡಿಕೊಳ್ಳುವ ಅಭ್ಯಾಸ ಅವಳಿಗಿತ್ತು. ಈಗ ಉಗುರು ನೋಡಿಕೊಂಡಳು. “ಆಗಸ್ಟ್ ಇಪ್ಪತ್ತಕ್ಕೆ ಹಡಗು ಬರುತ್ತದೆ, ವಾರಿಜ. ಈ ಸಲ ಸಾಮಾನು ತುಂಬಿಕೊಂಡು ಬರುತ್ತಿಲ್ಲ. ಖಾಲಿ ಬರುತ್ತಿದೆ.”

ಖಾಲಿ ಹಡಗು ಯಾಕೆ ಬರುತ್ತದೆ ಎಂದು ವಾರಿಜಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಷ್ಟರೊಳಗೆ ಅಂಕಿ ಎರಡು ದಾಟದಿದ್ದರೆ ಕಾಲನಿಯ ಮೂವತ್ತು ಮನೆಯವರನ್ನು ತುಂಬಿಕೊಂಡು ಹೋಗಲು ಬರುತ್ತದೆ.

ಹಸಿರಂಕಿ ಎಂದರೆ ಕಡಲ ನೀರಿನಲ್ಲಿ ಎಷ್ಟು ಹಸಿರಿದೆ ಎಂಬ ಅಳತೆ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯದು ಆ ಹಸಿರು. ಪಾಚಿಯನ್ನು ಸೀಗಡಿಯಂಥ ಚಿಕ್ಕ ಹುಳ ತಿನ್ನುತ್ತದೆ, ಹುಳವನ್ನು ಮೀನು, ಮೀನನ್ನು ಹಕ್ಕಿ. ಅಂಕಿ ಎರಡು ದಾಟಿದರೆ ಕಡಲು ಫಲ ಹಿಡಿದಿದೆ ಎಂದರ್ಥ. ಸೊನ್ನೆ ದಶಾಂಶ ಎರಡು ಎಂದರೆ ಅದು ಕಡಲಲ್ಲ, ಉಪ್ಪು ಹಾಕಿದ ನಲ್ಲಿ ನೀರು.

ಕರಾವಳಿಯ ಪಡುಬೆಂಗ್ರೆಯ ಮೊಗವೀರ ಮೀನುಗಾರರು ಭೂಮಿಯ ತಲೆಯ ಮೇಲೆ ಬಂದು ಕೂತ ಕಥೆಯೂ ಹೇಳಬೇಕಾದದ್ದೇ. ಅವರ ಊರಿನ ಕಡಲು ಬಿಸಿಯಾಗುತ್ತ ಬಂದಾಗ ಮೊದಲು ಬಂಗುಡೆ ಹೋಯಿತು. ಆಮೇಲೆ ಬೈಗೆ, ಅಂದರೆ ಬೂತಾಯಿ ಮೀನು. ತಂಪು ಹುಡುಕಿಕೊಂಡು ಮೀನೆಲ್ಲ ಧ್ರುವದ ಕಡೆ ಮುಖ ಮಾಡಿದವು. ಮೀನಿಲ್ಲದ ಕಡಲು ಸುಮ್ಮನೆ ಕೂರಲಾರದೆ ಊರನ್ನೇ ತಿನ್ನತೊಡಗಿತು. ಬೆಂಗ್ರೆಯ ಮರಳು, ತೆಂಗಿನ ಸಾಲು, ಶಾಲೆ, ಕೊನೆಗೆ ದೋಣಿ ಎಳೆದಿಡುವ ಜಾಗವೂ ನೀರಾಯಿತು. ಸರಕಾರ ಒಳನಾಡಿನಲ್ಲಿ ಎತ್ತರದ ಕಟ್ಟಡ ಕಟ್ಟಿ ಎಲ್ಲರಿಗೂ ಮನೆ ಕೊಟ್ಟಿತು. ಹೆರಿಯ ತಂಡೇಲನಿಗೆ ಸಿಕ್ಕಿದ್ದು ಏಳನೇ ಮಹಡಿ. ಕಿಟಕಿ ತೆರೆದರೆ ಸಿಮೆಂಟಿನ ಗೋಡೆ. ಅಲ್ಲಿ ಅವನು ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿಸಿಕೊಂಡವನಂತೆ ಎರಡು ವರ್ಷ ಕೂತಿದ್ದ.

ಅಷ್ಟರಲ್ಲಿ ಲೋಕದ ದೇಶಗಳೆಲ್ಲ ಸೇರಿ, ಮೀನು ಉಳಿಯಬೇಕಾದರೆ ಧ್ರುವದ ಕೊಲ್ಲಿಗಳನ್ನು ಸಾಕಬೇಕು ಎಂದು ತೀರ್ಮಾನಿಸಿದವು. ಸಾಕುವುದಕ್ಕೆ ಯಂತ್ರ ಕಳಿಸಿ ನೋಡಿದರು, ಯಂತ್ರ ಹೆಪ್ಪುಗಟ್ಟಿ ನಿಂತಿತು. ಆಮೇಲೆ ಹಗ್ಗ ಹಿಡಿದು ಗೊತ್ತಿರುವ, ಕಡಲಿನ ಮನಸ್ಸು ಓದಬಲ್ಲ ಜನ ಬೇಕು ಎಂದು ಅರ್ಜಿ ಕರೆದರು. ಪಡುಬೆಂಗ್ರೆಯ ಅರ್ಜಿಯಲ್ಲಿ ಮೊದಲ ಹೆಸರು ಹೆರಿಯ ತಂಡೇಲನದು. ಅವನ ಮಗಳು ವಾರಿಜ ಆಗಲೇ ಸಾಗರ ಎಂಜಿನಿಯರು. ಮದುವೆ ಆಗಿರಲಿಲ್ಲ, ಹೆತ್ತ ಅಬ್ಬಿ ತೀರಿಹೋಗಿ ಬಹಳ ಕಾಲವಾಗಿತ್ತು. ಅಪ್ಪಯ್ಯನ ಕೈ ಹಿಡಿದುಕೊಂಡೇ ಅವಳು ಹಡಗು ಹತ್ತಿದ್ದಳು.

ತಂಡೇಲ ಎಂದರೆ ಬಲೆಯ ಯಜಮಾನ. ಪಡುಬೆಂಗ್ರೆಯಲ್ಲಿ ಅದು ತೋಳಿನ ಕೆಲಸವಲ್ಲ, ಮೂಗಿನ ಕೆಲಸ. ಬೇಸಿಗೆಯಲ್ಲಿ ಹೊಳೆಯ ಬಾಯಿಗೆ ಮರಳು ಕಟ್ಟುತ್ತದೆ. ಮಳೆ ಹಿಡಿದು ನೆರೆ ಏರಿದಾಗ ಊರವರು ಸೇರಿ ಆ ಮರಳು ಕಡಿದು ಬಾಯಿ ಬಿಡಿಸುತ್ತಾರೆ. ಕೆಂಪು ನೀರು ಕಡಲಿಗೆ ನುಗ್ಗಿ, ಕಡಲು ಕದಡಿ, ತೂಫಾನು ಎದ್ದರೆ ಮೀನು ದಡಕ್ಕೆ ಬರುತ್ತದೆ. ಆದರೆ ಬಾಯಿ ಯಾವ ದಿನ ಕಡಿಯಬೇಕು, ದೋಣಿ ಯಾವ ದಿನ ಇಳಿಸಬೇಕು ಎಂದು ಹೇಳುವವನು ತಂಡೇಲ ಒಬ್ಬನೇ. ಅವನು ನೀರಂಚಿಗೆ ಹೋಗಿ ಬೊಗಸೆಯಲ್ಲಿ ನೊರೆ ಎತ್ತಿ ಮೂಸುತ್ತಾನೆ. ವಾಸನೆ ಸರಿ ಇದ್ದರೆ, ಕಡಲ ಬೆಳೆ ಬಂತೆಂದು, ಊರಿನ ಕಡೆ ತಿರುಗಿ “ಬೆಳಿ ಬಂತೋ!” ಎಂದು ಕೂಗುತ್ತಾನೆ. ಆ ಕೂಗು ಕೇಳದೆ ಒಂದು ದೋಣಿಯೂ ಮರಳು ಬಿಟ್ಟು ಕದಲುವುದಿಲ್ಲ. ಹೆರಿಯ ತಂಡೇಲ ನಲವತ್ತು ವರ್ಷ ಕೂಗಿದ್ದ. ಒಮ್ಮೆಯೂ ತಪ್ಪಿರಲಿಲ್ಲ.

ತಪ್ಪಿದ್ದು ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ.

ಈ ಕೊಲ್ಲಿಯ ತಲೆಯಲ್ಲಿ ಒಂದು ಹಿಮನದಿ ಇದೆ. ಕಾಲನಿಯವರು ಅದನ್ನು ಬೆಳ್ಳಜ್ಜ ಎನ್ನುತ್ತಾರೆ. ಒಂದು ಕಾಲಕ್ಕೆ ಬೆಳ್ಳಜ್ಜ ಕಡಲಿಗೆ ಕಾಲು ಇಳಿಬಿಟ್ಟು ಕೂತಿದ್ದ. ಭೂಮಿಯ ಬಿಸಿಗೆ ಕರಗಿ ಕರಗಿ, ಕಾಲು ಮಡಚಿಕೊಂಡು ಹಿಂದೆ ಸರಿದು, ಈಗ ನೆಲದ ಮೇಲೆ ಕೂತಿದ್ದಾನೆ. ಅವನ ಮುಂದೆ ಕರಗಿದ ನೀರಿನ ಕೆರೆ. ಕೆರೆಗೂ ಕಡಲಿಗೂ ನಡುವೆ ಕಲ್ಲು ಮಣ್ಣಿನ ದಿಬ್ಬ. ಅದನ್ನು ನೋಡಿದ ಕೂಡಲೇ ಪಡುಬೆಂಗ್ರೆಯವರ ಕಣ್ಣು ತುಂಬಿ ಬಂತು. ಅದೇ ಕಟ್ಟಿಕೊಂಡ ಹೊಳೆಯ ಬಾಯಿ, ಅದೇ ಕೆಂಪು ನೀರು! ಹೆರಿಯ ತಂಡೇಲ ಕೆರೆಯಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತ. ನೊರೆ ಎತ್ತಿ ಮೂಸಿ, ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, “ಬೆಳಿ ಇತ್ತ್. ಬಾಯಿ ಕಡೀಕ್,” ಎಂದ. ಅವರ ಕಡೆಯ ಮಾತಿನಲ್ಲಿ ‘ಇತ್ತ್’ ಎಂದರೆ ಇದೆ, ‘ಕಡೀಕ್’ ಎಂದರೆ ಕಡಿಯಬೇಕು.

ವಾರಿಜ ವರದಿ ಬರೆದಳು. ನೆಲದ ಕಬ್ಬಿಣ, ಸಿಲಿಕಾ ಕಡಲಿಗೆ ಸೇರಿದರೆ ಪಾಚಿಗೆ ಒಳ್ಳೆಯದು ಎಂದು ಪುಸ್ತಕದಲ್ಲೂ ಇತ್ತು. ಸುಳ್ಳಲ್ಲ, ಆದರೆ ಅರ್ಧ. ಉಳಿದರ್ಧಕ್ಕೆ ಅವಳು ಅಪ್ಪಯ್ಯನ ಮೂಗನ್ನು ನಂಬಿದಳು. ತೆಂಗಿನಕಾಯಿ ಒಡೆದು, ಹಾಲೆರೆದು, ಮೂವತ್ತು ಮನೆಯವರೂ ಗುದ್ದಲಿ ಹಿಡಿದು ದಿಬ್ಬ ಕಡಿದರು. ಕೆರೆ ಭೋರ್ಗರೆದು ಕಡಲಿಗೆ ಬಿತ್ತು. ಹೆಂಗಸರು ಕುಣಿದರು.

ಆ ಬೇಸಿಗೆ ಕೊಲ್ಲಿಯೆಲ್ಲ ಕೆಸರಾಯಿತು, ಮರುಬೇಸಿಗೆಯೂ ಆಯಿತು. ಊರಿನ ಹೊಳೆಯ ನೆರೆಯ ಕೆಸರಿನಲ್ಲಿ ಕಾಡೇ ಕರಗಿರುತ್ತದೆ, ಕೊಳೆತ ಎಲೆ, ಗೊಬ್ಬರ, ಗದ್ದೆಯ ಸಾರ. ಬೆಳ್ಳಜ್ಜನ ಕೆಸರು ಬರೀ ಅರೆದ ಕಲ್ಲಿನ ಹಿಟ್ಟು. ಸಿಹಿನೀರು ಹಗುರ, ಉಪ್ಪುನೀರು ಭಾರ. ಸಿಹಿನೀರು ಮೇಲೆ ಮುಚ್ಚಳದಂತೆ ಕೂತುಬಿಟ್ಟಿತು. ಆ ಕಲ್ಲಿನ ಹಿಟ್ಟು ಬಿಸಿಲನ್ನು ಒಳಗೆ ಬಿಡಲಿಲ್ಲ. ಪಾಚಿಗೆ ಬೇಕಾದ ಮುಖ್ಯ ಆಹಾರ ತಳದ ಉಪ್ಪುನೀರಿನಲ್ಲಿದೆ, ಅದು ಮೇಲೆ ಬರಲಿಲ್ಲ. ಹಸಿರಂಕಿ ಮೊದಲು ಸೊನ್ನೆ ದಶಾಂಶ ಎಂಟು ಇದ್ದದ್ದು ಸೊನ್ನೆ ದಶಾಂಶ ಎರಡಕ್ಕೆ ಇಳಿಯಿತು. ಬಂಡೆಗೋಡೆಯ ಮೇಲೆ ಗೂಡು ಕಟ್ಟಿದ್ದ ಬಿಳಿ ಕಡಲಹಕ್ಕಿಗಳು ಮರಿಗೆ ಕೊಡಲು ಏನೂ ಸಿಗದೆ ಒಂದೊಂದಾಗಿ ಹಾರಿಹೋದವು. ಬಂಡೆಯ ಬುಡದಲ್ಲಿ ಸತ್ತು ಬಿದ್ದ ಮರಿಗಳನ್ನು ಹೆರಿಯ ತಂಡೇಲ ಬುಟ್ಟಿಯಲ್ಲಿ ಆರಿಸಿ ಹೂಳಿ ಬಂದ. ಅಂದಿನಿಂದ ಅವನು ದಡಕ್ಕೆ ಕಾಲಿಟ್ಟಿಲ್ಲ. ಕಿಟಕಿಗೆ ಬೆನ್ನು ಹಾಕಿ ಕೂರುತ್ತಾನೆ.

ಹೊರಗೆ ಮುಳುಗದ ಸೂರ್ಯ ಬೆಟ್ಟದ ಅಂಚಿನಲ್ಲಿ ತೂಗಾಡುತ್ತಿದ್ದ. ಇಲ್ಲಿ ಬೇಸಿಗೆಯಲ್ಲಿ ಕತ್ತಲೆಯೇ ಇಲ್ಲ, ಊಟದ ಹೊತ್ತನ್ನು ಗಡಿಯಾರ ಹೇಳಬೇಕು. ವಾರಿಜ ಮನೆಯ ಬಾಗಿಲು ತೆಗೆದಾಗ ಅಪ್ಪಯ್ಯ ಎಂದಿನಂತೆ ಬಲೆ ಹೆಣೆಯುತ್ತಿದ್ದ. ಯಾರೂ ಕೇಳದ, ಯಾವ ಕಡಲಿಗೂ ಇಳಿಯದ ಬಲೆ. ಅದು ಅಡುಗೆಮನೆಯ ಮೂಲೆಯಲ್ಲಿ ಮಂಡಿಯೆತ್ತರ ರಾಶಿಯಾಗಿತ್ತು.

ಒಲೆಯ ಮೇಲಿನ ಗಂಜಿ ತಳ ಹಿಡಿದು ಸೀದಿತ್ತು. ಬಾಗಿಲಲ್ಲೇ ವಾಸನೆ ಮೂಗಿಗೆ ಹೊಡೆಯಿತು. ಅಪ್ಪಯ್ಯ ಅದರ ಪಕ್ಕದಲ್ಲೇ ಕೂತಿದ್ದರೂ ಎದ್ದು ಒಲೆ ಆರಿಸಿರಲಿಲ್ಲ. ಮನಸ್ಸು ಎಲ್ಲೋ ಇರುವ ಮನುಷ್ಯನಿಗೆ ಒಲೆಯ ಪರಿವೆ ಎಲ್ಲಿರುತ್ತದೆ ಎಂದುಕೊಂಡಳು. ಬಡಿಸಿದ ಸೀದ ಗಂಜಿಯನ್ನು ಅವನು ಪೂರ್ತಿ ಉಂಡ. ಊರಿನಲ್ಲಿದ್ದಾಗ ಒಂದು ಚಿಟಿಕೆ ಅರಿಶಿನ ಹೆಚ್ಚಾದರೆ ತಟ್ಟೆ ದೂಡುತ್ತಿದ್ದ ಮನುಷ್ಯ! ದುಃಖ ನಾಲಿಗೆಯನ್ನೂ ತಿಂದುಹಾಕುತ್ತದೆ ಎಂದು ವಾರಿಜಳಿಗೆ ಸಂಕಟವಾಯಿತು.

ಅವಳಿಗೂ ಆಸೆಗಳಿದ್ದವು. ಕಣ್ಣು ಮುಚ್ಚಿದರೆ ಬರುತ್ತಿದ್ದದ್ದು ಊರಿನ ಚಿತ್ರವಲ್ಲ, ವಾಸನೆ. ಮಳೆಗಾಲದ ಮೊದಲ ನೆರೆ ಕಡಲಿಗೆ ಸೇರಿದ ಬೆಳಿಗ್ಗೆ ಹೊಸಿಲು ದಾಟುವ ಮುಂಚೆಯೇ ಬರುತ್ತಿದ್ದ ವಾಸನೆ. ಉಪ್ಪು, ಕೊಳೆತ ಎಲೆ, ಸೀಗಡಿ ಸಿಪ್ಪೆ, ದೋಣಿಗೆ ಹಚ್ಚಿದ ಎಣ್ಣೆ, ನೆನೆದ ನಾರಿನ ಹಗ್ಗ. ಇಲ್ಲಿಯ ಹಗ್ಗವೆಲ್ಲ ಪ್ಲಾಸ್ಟಿಕ್ಕು, ನೆನೆದರೂ ವಾಸನೆಯಿಲ್ಲ. ಇಲ್ಲಿಯ ಕಡಲಿಗೂ ವಾಸನೆಯಿಲ್ಲ. ಕಡಲಿಗೆ ವಾಸನೆ ಕೊಡುವುದು ಉಪ್ಪಲ್ಲ, ಪಾಚಿ ಎಂದು ಅವಳಿಗೆ ಪಾಠದಲ್ಲಿ ಗೊತ್ತಿತ್ತು. ಪಾಚಿಯಿಲ್ಲದ ಕಡಲಿನ ಪಕ್ಕ ಬದುಕುವುದು ಎಷ್ಟು ಕಷ್ಟ ಎಂದು ಯಾವ ಪಾಠದಲ್ಲೂ ಇರಲಿಲ್ಲ.

“ಅಪ್ಪಯ್ಯ, ಇಪ್ಪತ್ತಕ್ಕೆ ಹಡಗ್ ಬತ್ತಂಬ್ರ್,” ಎಂದಳು.

ಅವನು ತಲೆಯೆತ್ತಲಿಲ್ಲ. “ಏಳ್ನೇ ಮಾಳ್ಗಿಗೆ?”

“ಹೌದ್.”

ಬಲೆಯ ಗಂಟು ಒಂದು ತಪ್ಪಿತು. ಬಿಚ್ಚಿ ಮತ್ತೆ ಹಾಕಿದ. ಮಗಳ ಕಡೆಗೆ ಬೆನ್ನು ತಿರುಗಿಸಿದ.

ವಾರಿಜಳಿಗೆ ತಡೆಯಲಾಗಲಿಲ್ಲ. ಯಾರಿಗಾದರೂ ಹೇಳಿಕೊಳ್ಳಬೇಕಿತ್ತು. ಅಪ್ಪಯ್ಯ ಕೇಳಲಿ ಬಿಡಲಿ, ಗೊಳವೆಯ ಕಥೆಯನ್ನು ಮೊದಲಿನಿಂದ ಹೇಳಿದಳು. ಬೆಳ್ಳಜ್ಜ ಕಡಲಿಗೆ ಕಾಲು ಬಿಟ್ಟು ಕೂತಿದ್ದಾಗ ಅವನ ಕರಗಿದ ನೀರು ಅವನ ಬುಡದಿಂದ, ಕಡಲಿನ ತಳದಲ್ಲೇ ಹೊರಬರುತ್ತಿತ್ತು. ಹಗುರ ನೀರಲ್ಲವೇ, ಮೇಲೇರುತ್ತಿತ್ತು. ಏರುವಾಗ ಸುತ್ತಲಿನ ತಳದ ನೀರನ್ನೂ ಅದರ ಆಹಾರವನ್ನೂ ಎಳೆದುಕೊಂಡು ಏರುತ್ತಿತ್ತು. ಅದೇ ನೀರು ಈಗ ಮೇಲಿನಿಂದ ಹರಿದು ಬಂದು ಮುಚ್ಚಳವಾಗುತ್ತಿದೆ. ಗಂಜಿಯ ಹಾಗೆಯೇ, ಅನ್ನವೆಲ್ಲ ಅಡಿಯಲ್ಲಿ, ಮೇಲೆ ಬರೀ ತಿಳಿ. ಹಾಗಾಗಿ ಚಳಿಗಾಲವೆಲ್ಲ ದುಡಿದು ಕಡಿದ ದಿಬ್ಬವನ್ನು ಮತ್ತೆ ಕಟ್ಟಿದರು. ಕೆರೆಯಲ್ಲಿ ನೀರು ನಿಂತು ಹಿಟ್ಟು ತಳಕ್ಕಿಳಿದ ಮೇಲೆ, ತಿಳಿಯನ್ನು ಗೊಳವೆಯಲ್ಲಿ ಎಪ್ಪತ್ತು ಮೀಟರ್ ಆಳಕ್ಕೆ ಇಳಿಸಿ ಬಿಟ್ಟರು. ಬೆಳ್ಳಜ್ಜ ಮಾಡುತ್ತಿದ್ದ ಕೆಲಸವನ್ನು ಗೊಳವೆ ಮಾಡಬೇಕಿತ್ತು.

“ನೀರ್ ಮೇಲೆ ಬತ್ತಾ ಇತ್ತ್ ಅಪ್ಪಯ್ಯ. ಕುದ್ದ ಹಾಂಗ್ ಬತ್ತಾ ಇತ್ತ್. ಆರೆ ಬಂದದ್ ಬರೀ ಸಿಹಿನೀರ್. ಅಡಿದ್ದನ್ ಎಳ್ಕಂಡ್ ಬತ್ತಾ ಇಲ್ಲ. ಮತ್ತೆ ಅದೇ ಮುಚ್ಚಳ.”

ಅಪ್ಪಯ್ಯ ಹೆಣೆಯುವುದನ್ನು ನಿಲ್ಲಿಸಿದ್ದ.

“ಬಾಯಿ ಎಷ್ಟಿತ್ತ್?” ಎಂದ.

“ಎಂತದ್ದ್?”

“ಗೊಳವಿಗೆ ಬಾಯಿ ಎಷ್ಟ್?”

“ಒಂದ್. ನನ್ನಷ್ಟ್ ಅಗಲದ್ದ್.”

ಅವನು ತುಸು ನಕ್ಕ. ಎರಡು ವರ್ಷದಲ್ಲಿ ಮೊದಲ ಸಲ. “ಸೀನೀರ್ ಕಲ್ಲ್ ನೆನ್ಪಿತ್ತಾ ನಿಂಗೆ?”

ಪಡುಬೆಂಗ್ರೆಯ ಎದುರಿಗೆ ಕಡಲಿನಲ್ಲಿ ಒಂದು ಬಂಡೆ ಇತ್ತು. ಅದರ ಬುಡದಲ್ಲಿ, ಉಪ್ಪುನೀರಿನ ಅಡಿಯಲ್ಲಿ, ಸಿಹಿನೀರಿನ ಒರತೆ. ನೆಲದೊಳಗಿಂದ ಹರಿದು ಬಂದ ಮಳೆನೀರು ಅಲ್ಲಿ ತಲೆಯೆತ್ತುತ್ತಿತ್ತು. ಎಲ್ಲೂ ಮೀನಿಲ್ಲದ ದಿನವೂ ಆ ಕಲ್ಲಿನ ಹತ್ತಿರ ನಾಲ್ಕು ಮೀನು ಸಿಗುತ್ತಿತ್ತು.

“ಸಣ್ಣಿಪ್ಪತ್ತಿಗೆ ಆ ಕಲ್ಲಡಿ ಮುಳ್ಗಿ ಕೈ ಇಟ್ಟ್ ಕಂಡವ ನಾನ್,” ಎಂದ ಹೆರಿಯ ತಂಡೇಲ. “ಅಲ್ಲೆಂತ ದೊಡ್ಡ ಬಾಯಿ ಇದ್ದಿತ್ ಅಂದ್ಕಂಡ್ಯಾ? ಮರಳೊಳ್ಗೆ ನೂರ್ ಕಣ್ಣ್. ಒಂದೊಂದ್ರಗೂ ಬೆರಳ್ ದಪ್ಪ ನೀರ್. ದೊಡ್ಡ ಬಾಯಲ್ ಬಪ್ಪು ನೀರಿಗೆ ಸೊಕ್ಕ್ ಮಗಾ, ಯಾರನ್ನೂ ಕಾಣ್ದೆ ಮೇಲೆ ಹೋತ್. ಸಣ್ಣದಾಯ್ ಬಪ್ಪುದ್ ಎಲ್ಲರ್ ಕೈ ಹಿಡ್ಕಂಡ್ ಬತ್ತ್.”

ವಾರಿಜ ಕೈ ತೊಳೆಯದೆಯೇ ಎದ್ದು ಓಡಿದಳು. ಗಂಜಿಯ ಕೈಯಲ್ಲೇ ಕೇಂದ್ರದ ಬಾಗಿಲು ತೆಗೆದದ್ದಕ್ಕೆ ಮಾರಿತ್ ಆಮೇಲೆ ಬಹಳ ದಿನ ಛೇಡಿಸಿದಳು. ಲೆಕ್ಕ ಹಾಕುವ ಯಂತ್ರಕ್ಕೆ ಹೇಳಿದರು. ಒಂದು ಬಾಯಿಯನ್ನು ನೂರಿಪ್ಪತ್ತು ಕಣ್ಣು ಮಾಡಿ, ತಳದಲ್ಲಿ ದೂರದೂರಕ್ಕೆ ಹರಡಿ ನೋಡು. ಯಂತ್ರ ಸ್ವಲ್ಪ ಹೊತ್ತು ಯೋಚಿಸಿ ಉತ್ತರ ಕೊಟ್ಟಿತು. ಮೇಲೇರುವ ನೀರಿನ ಜೊತೆ ತಳದ ನೀರು ಐದು ಪಟ್ಟು ಹೆಚ್ಚು ಬರುತ್ತದೆ. ಎರಡೂ ಬೆರೆತ ನೀರು ಮೇಲ್ಮೈಗೆ ಬಂದು ಮುಚ್ಚಳವಾಗುವುದಿಲ್ಲ, ಎಂಟು ಮೀಟರ್ ಕೆಳಗೇ ನಿಲ್ಲುತ್ತದೆ. ಬಿಸಿಲು ತಲುಪುವ ಜಾಗ ಅದು.

“ನಿನ್ನ ಅಪ್ಪ ಯಾವ ವಿಶ್ವವಿದ್ಯಾಲಯ?” ಎಂದಳು ಮಾರಿತ್.

“ಕಲ್ಲಿನಡಿಯ ವಿಶ್ವವಿದ್ಯಾಲಯ,” ಎಂದಳು ವಾರಿಜ.

ಹೇಳುವುದು ಸುಲಭ. ಮರಗಟ್ಟುವ ನೀರಿನಲ್ಲಿ, ಸೆಳೆತ ಇರುವ ಕೊಲ್ಲಿಯ ತಳದಲ್ಲಿ, ತೂತು ಕೊರೆದ ಕವಲು ಗೊಳವೆಗಳನ್ನು ಸಿಕ್ಕು ಬೀಳದಂತೆ ಹಾಸಬೇಕಿತ್ತು. ಅದು ಬಲೆ ಬಿಡುವ ಕೆಲಸವೇ. ಹೆರಿಯ ತಂಡೇಲ ಅಡುಗೆಮನೆಯ ನೆಲದ ಮೇಲೆ ಬಲೆಯ ನೂಲಿನಿಂದ ಕವಲುಗಳ ನಕ್ಷೆ ಹಾಕಿದ. ಯಾವ ಹಗ್ಗ ಮೊದಲು, ಯಾವ ಕಲ್ಲು ಕೊನೆಗೆ ಎಂದು ಹೇಳಿಕೊಟ್ಟ. ಆದರೆ ದಡಕ್ಕೆ ಮಾತ್ರ ಬರಲೊಲ್ಲೆ ಎಂದ. “ಆ ಹಕ್ಕಿಗಳ್ ಮುಖ ಕಾಂಬುಕಾತಿಲ್ಲ ನಂಗೆ.” ಕಡೆಗೆ ಒಂದು ವಾಕಿಟಾಕಿಯನ್ನು ಅವನ ಕೈಗೆ ಕೊಟ್ಟರು. ಇಪ್ಪತ್ತೆಂಟು ಜನ ದೋಣಿಗಳಲ್ಲಿ ನಿಂತು ಹಗ್ಗ ಹಿಡಿದರೆ, ತಂಡೇಲ ಅಡುಗೆಮನೆಯಲ್ಲಿ ಕಿಟಕಿಗೆ ಬೆನ್ನು ಹಾಕಿ, ಒಲೆಯ ಕಡೆ ಮುಖ ಮಾಡಿ ಅಪ್ಪಣೆ ಕೊಡುತ್ತಿದ್ದ.

“ಗಾಳಿ ಎಲ್ಲಿಂದ?”

“ಬಡಗಿಂದ, ಅಪ್ಪಯ್ಯ.”

“ಹಂಗಾರೆ ತೆಂಕ್ ಬದಿ ಹಗ್ಗ ಬಿಡ್. ಒಟ್ಟಿಗೇ ಬಿಡ್ಕ್. ಐಸಾ!”

“ಐಸಾ!” ಎಂದು ದೋಣಿಗಳು ಕೂಗಿದವು. ಎರಡು ವರ್ಷದಿಂದ ಆ ಕೊಲ್ಲಿಯಲ್ಲಿ ಕೇಳದ ಸದ್ದು. ಹಗ್ಗ ಹಿಡಿದ ಕೆಲವರು ಅಳುತ್ತಿದ್ದರು, ಚಳಿಗೆ ಕಣ್ಣೀರು ಬರುತ್ತದೆ ಎಂದು ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡರು.

ಕೆಲಸ ಮುಗಿದದ್ದು ಆಗಸ್ಟ್ ಆರಕ್ಕೆ. ಏಳರಂದು ಹಸಿರಂಕಿ ಸೊನ್ನೆ ದಶಾಂಶ ಎರಡು. ಹತ್ತರಂದು ಸೊನ್ನೆ ದಶಾಂಶ ಮೂರು. ಹದಿಮೂರರಂದು ಸೊನ್ನೆ ದಶಾಂಶ ಐದಾಯಿತು ಎಂದು ಕಾಲನಿಯಲ್ಲಿ ಪಾಯಸ ಮಾಡಿದರು, ಮಾರನೆಯ ದಿನ ಮತ್ತೆ ಸೊನ್ನೆ ದಶಾಂಶ ನಾಲ್ಕಕ್ಕೆ ಇಳಿಯಿತು. ಹೊಳೆಗೆ ಹುಣಸೆಹಣ್ಣು ಹಿಂಡಿದ ಹಾಗಾಯಿತಲ್ಲ ಎಂದು ಕೆಲವರು ಪೆಟ್ಟಿಗೆ ಕಟ್ಟತೊಡಗಿದರು. ಮಾರಿತ್ ಯಾರಿಗೂ ಹೇಳದೆ ಹಡಗಿನವರಿಗೆ ನಿಧಾನವಾಗಿ ಬನ್ನಿ ಎಂದು ಸಂದೇಶ ಕಳಿಸಿದಳು. ಅವರು ಕೇಳಲಿಲ್ಲ. ಹದಿನೈದಕ್ಕೆ ಮಂಜು ಕವಿಯಿತು. ಎದುರಿಗಿದ್ದವರ ಮುಖವೂ ಕಾಣದಂಥ ಮಂಜು. ಕೊಲ್ಲಿಯ ಮಧ್ಯದಲ್ಲಿ ತೇಲುತ್ತ ನೀರು ಅಳೆಯುವ ಯಂತ್ರದಿಂದ ಸುದ್ದಿ ಬರುವುದೂ ನಿಂತಿತು. ಪರದೆಯ ಮೇಲೆ ಅಂಕಿಯ ಜಾಗದಲ್ಲಿ ಒಂದು ಗೆರೆ ಮಾತ್ರ.

ಮೂರು ದಿನ ಗೆರೆ ನೋಡಿ ನೋಡಿ ಸಾಕಾಗಿ, ಹದಿನೆಂಟರ ಬೆಳಿಗ್ಗೆ ವಾರಿಜ ಬಕೆಟ್ಟು ಹಿಡಿದುಕೊಂಡು ದಡಕ್ಕೆ ಹೋದಳು. ನೀರು ತಂದು ಕೈಯಾರೆ ಅಳೆಯೋಣ ಎಂದಿತ್ತು. ಮಂಜಿನಲ್ಲಿ ಕಲ್ಲು ಎಡವುತ್ತ ಅರ್ಧ ದಾರಿ ಹೋಗಿರಬೇಕು, ಕಾಲು ತಾನಾಗಿಯೇ ನಿಂತಿತು.

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಊರಿನ ಮನೆಯ ಹೊಸಿಲಿನ ಮೇಲೆ ನಿಂತಿದ್ದೇನೆ, ಒಳಗೆ ಅಬ್ಬಿ ಸೌಟು ಆಡಿಸುತ್ತಿದ್ದಾಳೆ ಎಂದು ಅನಿಸಿತು. ಆಮೇಲೆ ಗೊತ್ತಾಯಿತು. ವಾಸನೆ! ಕಡಲಿನ ವಾಸನೆ. ಪಡುಬೆಂಗ್ರೆ ಮುಳುಗಿದ ಮೇಲೆ ಇನ್ನೆಲ್ಲಿಯೂ ಇಲ್ಲ ಎಂದುಕೊಂಡಿದ್ದ ಆ ವಾಸನೆ, ಮಂಜಿನೊಳಗಿಂದ ಅವಳನ್ನು ಹುಡುಕಿಕೊಂಡು ಬಂದಿತ್ತು. ಬಕೆಟ್ಟು ಎಲ್ಲಿ ಬಿತ್ತೋ ಗೊತ್ತಿಲ್ಲ. ಅವಳು ನೀರಂಚಿಗೆ ಓಡಲಿಲ್ಲ, ಮನೆಗೆ ಓಡಿದಳು.

ಅವಳು ಬಾಗಿಲು ತೆಗೆಯುವುದಕ್ಕೂ ಅಪ್ಪಯ್ಯನ ಪಕ್ಕದಲ್ಲಿದ್ದ ವಾಕಿಟಾಕಿ ಗೊರಗೊರ ಎನ್ನುವುದಕ್ಕೂ ಸರಿಹೋಯಿತು. ಮಾರಿತ್ ಕಿರುಚುತ್ತಿದ್ದಳು. “ಸಂಪರ್ಕ ಬಂತು! ಎರಡು ದಶಾಂಶ ಆರು! ವಾರಿಜ, ಎಲ್ಲಿದ್ದೀಯೇ? ಎರಡು ದಶಾಂಶ ಆರು!”

“ಅಪ್ಪಯ್ಯ! ಕೇಣ್ತಾ? ಎರಡ್ ದಾಟ್ತ್!”

“ಅಂಕಿ ಇರ್ಲಿ,” ಎಂದ ಅಪ್ಪಯ್ಯ. ಎದ್ದು ನಿಂತಿದ್ದ. “ವಾಸನಿ ಹ್ಯಾಂಗಿತ್ತ್?”

“ನೀವೇ ಬಂದ್ ಕಾಣಿ.” ಅವಳು ಅವನ ಕೈ ಹಿಡಿದಳು. ಎರಡು ವರ್ಷ ಅಲುಗದಿದ್ದವನು ಈಗ ಬೇಡ ಎನ್ನಲಿಲ್ಲ.

ಕಲ್ಲುದಾರಿಯಲ್ಲಿ ಅವನು ಕಣ್ಣಿಲ್ಲದವನಂತೆ ಮಗಳ ಹೆಗಲು ಹಿಡಿದು ನಡೆದ. ನೀರಿನ ಹತ್ತಿರ ಬಂದಂತೆ ವಾಸನೆ ದಟ್ಟವಾಯಿತು. ಹಸಿರು ಹತ್ತಿದ ಅಲೆಗಳು ಕಪ್ಪು ಕಲ್ಲಿನ ಮೇಲೆ ನೊರೆ ಬಿಟ್ಟು ಹೋಗುತ್ತಿದ್ದವು. ಹೆರಿಯ ತಂಡೇಲ ಕುಕ್ಕರಗಾಲಲ್ಲಿ ಕೂತು ಬೊಗಸೆ ತುಂಬ ನೊರೆ ಎತ್ತಿದ. ಮೂಗಿಗೆ ಹಿಡಿದು ಉಸಿರೆಳೆದ. ವಾರಿಜ ಆ ಕೂಗಿಗಾಗಿ ಕಾದಳು. ಎರಡು ವರ್ಷದಿಂದ, ಅಲ್ಲ, ಊರು ಬಿಟ್ಟಾಗಿನಿಂದ ಅವಳು ಕಾಯುತ್ತಿದ್ದದ್ದು ಈ ಕೂಗಿಗೇ.

ಕೂಗು ಬರಲಿಲ್ಲ. ಅಪ್ಪಯ್ಯ ಇನ್ನೊಮ್ಮೆ ಉಸಿರೆಳೆದ, ಇನ್ನೂ ಒಮ್ಮೆ. ಬೆರಳುಗಳ ಸಂದಿನಿಂದ ನೊರೆ ಇಳಿದುಹೋಯಿತು.

“ನಂಗ್ ಗೊತ್ತಾತಿಲ್ಲ ಮಗಾ,” ಎಂದ.

“ಎಂತ ಗೊತ್ತಾತಿಲ್ಲ?”

“ಎಂತದೂ ಗೊತ್ತಾತಿಲ್ಲ. ಹೊರಡು ಮುಂಚಿನ್ ವರ್ಷ ಜ್ವರ ಬಂದದ್ ನೆನ್ಪಿತ್ತಲ್ದಾ? ಜ್ವರ ಬಿಡ್ತ್, ಮೂಗಿನ್ ವಾಸನಿ ಹೋಯ್ತ್. ಹೂವಿಂದ್ ಇಲ್ಲ, ಮೀನಿಂದ್ ಇಲ್ಲ, ಸೀದದ್ ಸೈತ ಗೊತ್ತಾತಿಲ್ಲ. ಯಾರಿಗೂ ಹೇಳ್ಲಿಲ್ಲ. ಮೂಗಿಲ್ದಿದ್ ತಂಡೇಲನ್ ಯಾರ್ ಕಡ್ಲಿಗ್ ಕರ್ಕಂಡ್ ಹೋತ್ರ್? ಏಳ್ನೇ ಮಾಳ್ಗಿಯೊಳ್ಗೇ ಸಾಯ್ಕಿದ್ದಿತ್ ನಾನ್.”

ವಾರಿಜ ಅವನ ಕಡೆ ತಿರುಗಿದಳು. “ಹಂಗಾರೆ ಅವತ್ ಆ ಕೆರಿ ನೊರಿ ಮೂಸದ್ದ್?”

“ಮೂಸ್ದೆ. ಎಂತದೂ ಇಲ್ಲ. ವಾಸನಿ ಇಲ್ದಿದ್ದದ್ ನನ್ ಮೂಗಿಗಾ ಆ ನೀರಿಗಾ ಅಂದೇಳಿ ಹ್ಯಾಂಗ್ ಗೊತ್ತಾಪುದ್? ಬಣ್ಣ ಕಂಡೆ. ಬಣ್ಣ ನಮ್ ನೆರಿ ಹಾಂಗೇ ಇದ್ದಿತ್. ಎಲ್ರೂ ನನ್ ಬಾಯೇ ಕಾಣ್ತಾ ನಿಂತಿದ್ರ್. ಬೆಳಿ ಇತ್ತ್ ಅಂದ್ಬಿಟ್ಟೆ.” ಅವನು ಮಂಜಿನಲ್ಲಿ ಕಾಣದ ಬಂಡೆಯ ಕಡೆ ಮುಖ ಎತ್ತಿದ. “ಮೂಗಿದ್ದಿರೆ ಅದ್ ಬರೀ ಕಲ್ಲ್ ಅಂದ್ ಹೇಳ್ತಿದ್ದೆ. ಆ ಮರಿಗಳ್ ಬದ್ಕ್ತಿದ್ದೊ.”

ಅವಳಿಗೆ ಮೊದಲು ಬಂದದ್ದು ಸಿಟ್ಟು. ಎರಡು ಬೇಸಿಗೆ, ಅಷ್ಟು ಹಕ್ಕಿ, ಅವಳ ಹೆಸರಿನ ಆ ವರದಿ. ಬಾಯಿ ತೆರೆದಳು. ತೆರೆದ ಬಾಯಿಗೆ ಸೀದ ಗಂಜಿಯ ನೆನಪು ಬಂತು. ಒಲೆಯ ಪಕ್ಕದಲ್ಲೇ ಕೂತು ಸೀದದ್ದು ತಿಳಿಯದ ಮನುಷ್ಯ. ತಾನು ಅದನ್ನು ದುಃಖ ಎಂದುಕೊಂಡು ದಿನಾ ಬಡಿಸಿದೆನಲ್ಲ. ಹುಟ್ಟಿದಾಗಿನಿಂದ ವಾಸನೆಯಲ್ಲೇ ಲೋಕ ಕಂಡವನು ಮೂರು ವರ್ಷದಿಂದ ಒಬ್ಬನೇ ಇದ್ದಾನೆ, ಏನೂ ಇಲ್ಲದ ಒಂದು ಜಾಗದಲ್ಲಿ. ಅವಳು ಅವನ ಪಕ್ಕ ಕಲ್ಲಿನ ಮೇಲೆ ಕೂತಳು.

ಮಂಜು ಸ್ವಲ್ಪ ಹರಿಯಿತು. ಬಂಡೆಯ ಕಡೆಯಿಂದ ಎರಡು ಬಿಳಿ ಹಕ್ಕಿ ಬಂದು ನೀರಿನ ಮೇಲೆ ಸುತ್ತಿದವು. ಅವುಗಳೂ ವಾಸನೆ ಹಿಡಿದೇ ಬಂದಿದ್ದವು.

“ಹೇಳ್,” ಎಂದ ಅಪ್ಪಯ್ಯ, ಸಣ್ಣ ಮಕ್ಕಳು ಕಥೆ ಕೇಳುವ ಹಾಗೆ. “ಹ್ಯಾಂಗಿತ್ತ್?”

ವಾರಿಜ ಬೊಗಸೆಯಲ್ಲಿ ನೊರೆ ಎತ್ತಿದಳು. ಮೂಗಿಗೆ ಹಿಡಿದಳು. ಒಂದೊಂದಾಗಿ ಹೇಳಿದಳು. “ಉಪ್ಪಿತ್ತ್. ಕೆಳಗೆ ಒಂಚೂರ್ ಕೊಳ್ತ ಸೌತಿಕಾಯಿ. ಸೀಗ್ಡಿ ಸಿಪ್ಪಿ ಇತ್ತ್, ಹಸಿದ್ದ್. ಮೊದಲ್ ನೆರಿ ಬಂದ್ ಮರುದಿನ ಅಬ್ಬಿ ಬಾಗ್ಲ್ ತೆಗ್ದ್ ಕೂಡ್ಲೇ ಬತ್ತಿದ್ದಿತಲ್ದಾ, ಅದೇ ಅಪ್ಪಯ್ಯ. ಅದೇ.”

ಅವನು ಕಣ್ಣು ಮುಚ್ಚಿಕೊಂಡು ಕೇಳಿದ. “ಹಂಗಾರೆ ಕೂಗ್,” ಎಂದ.

“ನಾನಾ? ಹೆಂಗ್ಸ್ರ್ ಕೂಗುಕಾತ್ತಾ?”

“ಮೂಗಿದ್ದರ್ ಕೂಗುದ್.”

ಅವಳು ಎದ್ದು ನಿಂತು ಕಾಲನಿಯ ಕಡೆ ತಿರುಗಿದಳು. ಎಂದೂ ಕೂಗಿರಲಿಲ್ಲ, ದನಿ ಎಲ್ಲಿಂದ ಎತ್ತಬೇಕು ಎಂದೂ ತಿಳಿಯದು. ಹೊಟ್ಟೆಯೊಳಗಿಂದ ಎತ್ತಿದಳು.

“ಬೆಳಿ ಬಂತೋ!”

ಬಂಡೆಗೆ ಬಡಿದು ಕೂಗು ಹಿಂದೆ ಬಂತು. ಮಂಜಿನ ಆಚೆ ಒಂದು ಬಾಗಿಲು ತೆಗೆದ ಸದ್ದು, ಇನ್ನೊಂದು, ಹತ್ತು. ಕಟ್ಟಿದ್ದ ಪೆಟ್ಟಿಗೆಗಳನ್ನು ದಾಟಿಕೊಂಡು ಜನ ದಡಕ್ಕೆ ಓಡಿ ಬರುತ್ತಿದ್ದರು. ಯಾರೋ ಮಗುವನ್ನು ಎತ್ತಿಕೊಂಡೇ ಬಂದರು. ಬಂದವರೆಲ್ಲ ಅರ್ಧ ದಾರಿಯಲ್ಲಿ, ಅವಳು ನಿಂತಿದ್ದ ಅದೇ ಜಾಗದಲ್ಲಿ, ತಟ್ಟನೆ ನಿಂತು ಮೂಗರಳಿಸಿದರು.

ಅಪ್ಪಯ್ಯ ಅವಳ ಅಂಗಿಯ ಅಂಚು ಎಳೆದ. ಈಗ ಅವನು ಕಡಲಿಗೆ ಎದುರಾಗಿ ಕೂತಿದ್ದ.

“ನಾರಿನ್ ಹಗ್ಗದ್ದ್ ಹೇಳ್ಲಿಲ್ಲ ನೀನ್,” ಎಂದ. “ನೆಂದ ಹಗ್ಗದ್ ವಾಸನಿ. ಅದಿಲ್ಯಾ?”

ವಾರಿಜ ಮತ್ತೆ ಬಗ್ಗಿ ನೊರೆ ಎತ್ತಿದಳು. ದೋಣಿಗಳ ಪ್ಲಾಸ್ಟಿಕ್ ಹಗ್ಗ ಕಲ್ಲಿನ ಮೇಲೆ ನೀಲಿಯಾಗಿ ಬಿದ್ದಿತ್ತು. ಅವಳು ಬಹಳ ಹೊತ್ತು ಮೂಸಿದಳು.

“ಇತ್ತ್ ಅಪ್ಪಯ್ಯ,” ಎಂದಳು. “ಅದೂ ಇತ್ತ್.”